ಹರಿದು ಹಾಕಿದ ಅರ್ಜಿ

(ನಮ್ಮ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ವಾಚನಾಲಯದ ಕಾರ್ಯದರ್ಶಿಗಳು ಹೋದ ತಿಂಗಳು ನನ್ನನ್ನು ಬಾಗಿಲಲ್ಲೇ ಹಿಡಿದು, "ಬರುವ ಸಭೆಯಲ್ಲಿ ನೀವೇ ಮಾತನಾಡಬೇಕು, ವಿಷಯ ನಿಮ್ಮ ಇಷ್ಟ" ಎಂದು ಅಪ್ಪಣೆ ಮಾಡಿದರು. ವಿಷಯವನ್ನು ನಮ್ಮ ಇಷ್ಟಕ್ಕೆ ಬಿಟ್ಟರೆ ಆಗುವ ಕಷ್ಟ ನಿಮಗೆ ಗೊತ್ತೇ ಇದೆ. ನಾನು ಪಂಡಿತನಲ್ಲ, ಮೂವತ್ತಾರು ವರ್ಷ ಜಾರ್ಜ್ ಟೌನಿನ ಒಂದು ಕಚೇರಿಯಲ್ಲಿ ಲೆಕ್ಕದ ಪುಸ್ತಕ ಬರೆದು ನಿವೃತ್ತನಾದವನು. ಕಾವ್ಯದ ಮೇಲೆ ಮಾತನಾಡಲು ಧೈರ್ಯ ಸಾಲದು. ಕೊನೆಗೆ ವಿಷಯವನ್ನು ಕೊಟ್ಟವನು ಇಲ್ಲಿಗೆ ಪತ್ರಿಕೆ ಓದಲು ಬರುವ ಒಬ್ಬ ಹುಡುಗ.

ನಿಮ್ಮಲ್ಲಿ ಹಲವರು ಅವನನ್ನು ನೋಡಿದ್ದೀರಿ. ಬಳ್ಳಾರಿ ಕಡೆಯವನು. ಭಾನುವಾರ ಮಧ್ಯಾಹ್ನ ಬಂದು, ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕುಳಿತು, ವಾರದ ಪತ್ರಿಕೆಗಳನ್ನೆಲ್ಲ ಒಂದೇ ಏಟಿಗೆ ಓದಿ ಹೋಗುತ್ತಿದ್ದ. ಒಂದು ಸಗಟು ಅಂಗಡಿಯ ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸ. ಆ ಅಂಗಡಿಯ ಯಜಮಾನರು ನಾಲ್ಕು ತಿಂಗಳಿನಿಂದ ಸಂಬಳ ಕೊಟ್ಟಿರಲಿಲ್ಲ. ಕೇಳಲು ಹೋದ ದಿನ ನಾಲ್ಕು ಜನರ ಎದುರಿಗೆ ಕೆನ್ನೆಗೆ ಹೊಡೆದರು. ಯಜಮಾನರು ಯಾವ ಭಾಷೆಯವರು ಎಂದು ನೀವು ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿದ್ದೀರಿ. ಹೇಳಿಬಿಡುತ್ತೇನೆ: ಅವರು ಕನ್ನಡದವರೇ. ಹೆಸರು ಬೇಡ.

ಹುಡುಗ ಆ ಸಂಜೆ ಇಲ್ಲಿಗೆ ಬಂದಾಗ ಅವನ ಜೊತೆ ಇನ್ನಿಬ್ಬರು ಗೆಳೆಯರಿದ್ದರು. ಮೂವರೂ ರಾತ್ರಿ ಗೋದಾಮಿನ ಹತ್ತಿರ ಕಾದು ಯಜಮಾನರಿಗೆ "ಬುದ್ಧಿ ಕಲಿಸುವುದು" ಎಂದು ತೀರ್ಮಾನವಾಗಿತ್ತು. ನಾನು ತಡೆದೆ. "ಕಾರ್ಮಿಕ ಇಲಾಖೆಗೆ ಅರ್ಜಿ ಬರೆಯೋಣ ಕೂತುಕೋ" ಎಂದೆ. ಅವನು ನನ್ನನ್ನೇ ನೋಡಿ, "ಅರ್ಜಿ ಬರದ್ರ ಏನಾಗ್ತೈತಿ ತಾತಾ? ಹರದು ಒಗೀತಾರ. ಎರಡು ಬಿಟ್ರ ನೆನಪಿಟ್ಕೊಂತಾರ" ಎಂದ.

ಉತ್ತರವಾಗಿ ನಾನು ಏನೋ ಹೇಳಿದೆ. ಗಾಂಧೀಜಿಯವರ ಹೆಸರನ್ನೂ ತೆಗೆದೆನೆಂದು ಕಾಣುತ್ತದೆ. ಮುದುಕರು ಮಾತು ತೋಚದಾಗ ಮಾಡುವ ಕೆಲಸ ಅದು. ಹುಡುಗ ಮರ್ಯಾದೆಗೆ ಸುಮ್ಮನಾದ, ಒಪ್ಪಿದ್ದರಿಂದ ಅಲ್ಲ. ಮನೆಗೆ ಹೋದ ಮೇಲೆ ಅವನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅರ್ಜಿ ಬರೆದರೆ ಏನಾಗುತ್ತದೆ? ಹರಿದು ಹಾಕಿದರೆ ಏನಾಗುತ್ತದೆ? ಈ ಪ್ರಶ್ನೆಯನ್ನು ಇದೇ ಪಟ್ಟಣದಲ್ಲಿ ನೂರ ಎಪ್ಪತ್ತು ವರ್ಷಗಳ ಹಿಂದೆ ನಮ್ಮಂಥ ಜನರೇ ಕೇಳಿದ್ದರು, ಅದಕ್ಕೆ ಒಂದು ಬಗೆಯ ಉತ್ತರವೂ ದೊರೆತಿತ್ತು. ಆ ಕಥೆಯನ್ನು ಈ ಸಂಜೆ ನಿಮ್ಮ ಮುಂದೆ ಇಡುತ್ತೇನೆ.

ಐಲೆಂಡ್ ಮೈದಾನದ ಕಡೆ ಹೋಗುವಾಗ ಕುದುರೆಯ ಮೇಲೆ ಕುಳಿತ ಸರ್ ಥಾಮಸ್ ಮನ್ರೋ ಅವರ ಪ್ರತಿಮೆಯನ್ನು ನೀವೆಲ್ಲ ನೋಡಿದ್ದೀರಿ. ಕುದುರೆಗೆ ಜೀನಿಲ್ಲ, ರಿಕಾಪಿಲ್ಲ ಎಂದು ಮಕ್ಕಳಿಗೆ ತೋರಿಸುವುದುಂಟು. ಈ ಮನ್ರೋ ನಮಗೆ ಹೊರಗಿನವರಲ್ಲ. ಟಿಪ್ಪು ಸುಲ್ತಾನರು ಬಿದ್ದ 1799ರಲ್ಲಿ ಕಂಪನಿ ಸರ್ಕಾರ ಅವರನ್ನು ಕನ್ನಡ ಜಿಲ್ಲೆಗೆ ಕಲೆಕ್ಟರಾಗಿ ಕಳಿಸಿತು. ಮುಂದಿನ ವರ್ಷ ಬಳ್ಳಾರಿ, ಕಡಪ ಮೊದಲಾದ ಸೀಮೆಗೆ ಹೋದರು. ಕೊನೆಗೆ ಮದರಾಸಿನ ಗವರ್ನರರಾಗಿ 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಜನ ಅವರನ್ನು ಪ್ರೀತಿಸಿದರು, ಮಕ್ಕಳಿಗೆ ಅವರ ಹೆಸರಿಟ್ಟರು ಎಂದೂ ಹೇಳುತ್ತಾರೆ. ಒಳ್ಳೆಯವರೇ ಇರಬಹುದು. ಆದರೆ ಅವರು ಒತ್ತಾಯಿಸಿ ತಂದ ಒಂದು ಏರ್ಪಾಡು ಇತ್ತು. 1816ರ ಕಾಯಿದೆಗಳಿಂದ ಪೊಲೀಸಿನ ಅಧಿಕಾರ ಕಲೆಕ್ಟರರ ಕೈಗೆ, ಅವರ ಕೆಳಗೆ ತಹಸೀಲ್ದಾರರ ಕೈಗೆ ಬಂತು. ಅಂದರೆ ಕಂದಾಯ ವಸೂಲು ಮಾಡುವವನೂ ಅವನೇ, ಹಿಡಿದು ಕೂಡಿಹಾಕುವವನೂ ಅವನೇ, ದೂರು ಕೇಳಬೇಕಾದವನೂ ಅವನೇ. ಕಿಸ್ತಿನ ಹಣ ಕಟ್ಟದ ರೈತ ಒಂದೇ ಬಾಗಿಲಿನ ಮುಂದೆ ಮೂರು ಸಲ ನಿಲ್ಲಬೇಕು. ಮೂರು ಸಲವೂ ಬಾಗಿಲು ತೆಗೆಯುವ ಮುಖ ಒಂದೇ.

ಆಮೇಲೆ ಏನಾಯಿತು ಎಂಬುದನ್ನು ಹೇಳಲು ನಾಲಿಗೆ ಹಿಂಜರಿಯುತ್ತದೆ. ಸಭೆಯಲ್ಲಿ ಮಕ್ಕಳಿದ್ದಾರೆ, ಆದ್ದರಿಂದ ಸ್ವಲ್ಪ ಮಾತ್ರ ಹೇಳುತ್ತೇನೆ. ಕಿಟ್ಟಿ ಎಂಬ ಒಂದು ಸಾಧನವಿತ್ತು. ಒಂದು ತುದಿಯಲ್ಲಿ ಸೇರಿಸಿ ಕಟ್ಟಿದ ಎರಡು ಮರದ ತುಂಡು. ನಡುವೆ ಬೆರಳನ್ನಿಟ್ಟು ಇನ್ನೊಂದು ತುದಿಯನ್ನು ಅದುಮುವುದು. ನಿಂಬೆಹಣ್ಣು ಹಿಂಡುವ ಸಾಧನವನ್ನು ನೆನೆಸಿಕೊಳ್ಳಿ. ಇನ್ನೊಂದು, ಮನುಷ್ಯನನ್ನು ಬಗ್ಗಿಸಿ ಕತ್ತಿಗೂ ಕಾಲಿಗೂ ಹಗ್ಗ ಬಿಗಿದು ಹಾಗೆಯೇ ಬಿಸಿಲಲ್ಲಿ ನಿಲ್ಲಿಸುವುದು. ಊಟಕ್ಕೆ ಬಿಡದಿರುವುದು, ಬಹಿರ್ದೆಶೆಗೆ ಬಿಡದಿರುವುದು, ಕೂದಲನ್ನು ಎಮ್ಮೆಯ ಬಾಲಕ್ಕೆ ಕಟ್ಟುವುದು. ಇಷ್ಟೆಲ್ಲ ಎಷ್ಟು ಹಣಕ್ಕೆ? ಹಲವು ವೇಳೆ ಕೆಲವೇ ರೂಪಾಯಿಗಳ ಬಾಕಿಗೆ.

ಈ ದಬ್ಬಾಳಿಕೆಗೆ ನಮ್ಮ ನಾಡಿನ ಜನ ಕೊಟ್ಟ ಉತ್ತರ ಒಂದೇ ಬಗೆಯದಾಗಿರಲಿಲ್ಲ. ಅತ್ತ ಮೈಸೂರು ಸಂಸ್ಥಾನದ ನಗರ ಸೀಮೆಯಲ್ಲಿ 1830ರಲ್ಲಿ ರೈತರು ಎದ್ದರು. ಅದು ಕೊನೆಗೆ ಆಯುಧಕ್ಕೆ ಹೋಯಿತು, ಸೈನ್ಯ ಬಂತು. 1831ರಲ್ಲಿ ಕಂಪನಿಯವರು ಅದನ್ನೇ ನೆಪ ಮಾಡಿಕೊಂಡು ಮಹಾರಾಜರಿಂದ ಆಡಳಿತವನ್ನು ಕಿತ್ತುಕೊಂಡರು. ಅದು ಅರಮನೆಗೆ ಹಿಂದಿರುಗಲು ಐವತ್ತು ವರ್ಷ ಬೇಕಾಯಿತು. ಇತ್ತ ಘಟ್ಟದ ಕೆಳಗೆ ಅದೇ 1830–31ರಲ್ಲಿ ನಡೆದದ್ದು ಬೇರೆ. ನನ್ನ ಹುಟ್ಟೂರು ಆ ಕಡೆಯದಾದ್ದರಿಂದ ಸ್ವಲ್ಪ ಅಭಿಮಾನದಿಂದ ಹೇಳಿದರೆ ಕ್ಷಮಿಸಬೇಕು. ಅಲ್ಲಿಯ ರೈತರು ಮಾಡಿದ್ದಕ್ಕೆ 'ಕೂಟ' ಎಂದೇ ಹೆಸರು. ಇಂದು ಕೂಟ ಎಂದರೆ ನಾವು ಸಂಗೀತವನ್ನೋ ಭೋಜನವನ್ನೋ ನೆನೆಯುತ್ತೇವೆ. ಆಗಿನ ಕಲೆಕ್ಟರರ ಕಾಗದಗಳಲ್ಲಿ ಅದು ನಿದ್ದೆಗೆಡಿಸುವ ಶಬ್ದ. ಮಾಗಣೆ ಮಾಗಣೆಗೂ ಸುದ್ದಿ ಹೋಗಿ ಜನ ಒಂದೆಡೆ ಸೇರಿದರು, ಕಿಸ್ತು ಕಟ್ಟುವುದನ್ನು ನಿಲ್ಲಿಸಿದರು, ಕಷ್ಟಗಳನ್ನು ಬರೆದು ಅರ್ಜಿ ಸಲ್ಲಿಸಿದರು: ಕಂದಾಯ ಹೆಚ್ಚು, ಉಪ್ಪು ಹೊಗೆಸೊಪ್ಪಿನ ಮೇಲೆ ಸರ್ಕಾರದ ಏಕಸ್ವಾಮ್ಯ, ಬೆಳೆಗೆ ಬೆಲೆಯಿಲ್ಲ. ಮಂಗಳೂರಿನ ಕದ್ರಿ ದೇವಸ್ಥಾನದ ಬಳಿ ದೊಡ್ಡ ಕೂಟವೇ ನೆರೆಯಿತು. ಸರ್ಕಾರ ಬೆದರಿಸಿ ನೋಡಿತು. ಕೊನೆಗೆ ಕಂದಾಯದ ಭಾರವೆಷ್ಟು ಎಂದು ವಿಚಾರಿಸಬೇಕಾಗಿ ಬಂತು. 1833ರಲ್ಲಿ ಸ್ಟೋಕ್ಸ್ ಎಂಬ ಅಧಿಕಾರಿ ಬರೆದ ವರದಿ ಅದರ ಫಲ.

ಹಾಗೆಂದು ಮಾತೇ ಗೆದ್ದಿತು ಎಂದು ಚಪ್ಪಾಳೆ ತಟ್ಟುವ ಹಾಗಿಲ್ಲ. ಏಕೆಂದರೆ ಆರೇ ವರ್ಷದಲ್ಲಿ, 1837ರ ಏಪ್ರಿಲಿನಲ್ಲಿ, ಕೊಡಗು–ಸುಳ್ಯದ ಕಡೆಯಿಂದ ಎದ್ದ ರೈತರು ಆಯುಧ ಹಿಡಿದು ಮಂಗಳೂರಿನವರೆಗೆ ಬಂದರು. ಕೆಲವು ದಿನ ಊರು ಅವರ ಕೈಯಲ್ಲಿತ್ತು. ಆಮೇಲೆ ಹಡಗಿನಲ್ಲಿ ಪಟಾಲಮು ಬಂತು, ಮುಂದಾಳುಗಳನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಅವರನ್ನು 'ದುಡುಕಿದರು' ಎಂದು ಈ ಫ್ಯಾನಿನ ಕೆಳಗೆ ಕುಳಿತು ಹೇಳಲು ನನಗೆ ಬಾಯಿ ಬರುವುದಿಲ್ಲ. ಮಂಗಳೂರಿನಲ್ಲಿ ಈಗ ಆ ಮುಂದಾಳುಗಳಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ ಇದೆ, ಇರಬೇಕಾದ್ದೇ. ಆದರೆ ನನ್ನ ಹುಡುಗನ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಗಲ್ಲಿಗೆ ಹೋದವರು ಏನನ್ನು ಸಹಿಸಿದ್ದರು, ಯಾವ ಶಾನುಭೋಗ ಏನು ಬರೆದಿದ್ದ, ಯಾವ ಪೇದೆ ಏನು ಮಾಡಿದ್ದ ಎಂಬ ಲೆಕ್ಕವೆಲ್ಲ ಅವರೊಡನೆ ಹೋಯಿತು. ಉಳಿದದ್ದು ಹೆಚ್ಚಾಗಿ ಅವರನ್ನು ಕೊಂದವರು ಬರೆದ ಕಾಗದ.

ಇನ್ನು ಮದರಾಸಿಗೆ ಬರೋಣ. ಆಗ ಈ ಪಟ್ಟಣದಲ್ಲಿ ಗಾಜುಲ ಲಕ್ಷ್ಮೀನರಸು ಚೆಟ್ಟಿ ಎಂಬ ವರ್ತಕರಿದ್ದರು. 1806ರಲ್ಲಿ ಹುಟ್ಟಿದವರು; ಬಟ್ಟೆ, ನೀಲಿಯ ವ್ಯಾಪಾರದಲ್ಲಿ ಹಣ ಮಾಡಿದವರು. ಹಣ ಮಾಡಿದವರು ಸಾಮಾನ್ಯವಾಗಿ ಸರ್ಕಾರದ ತಂಟೆಗೆ ಹೋಗುವುದಿಲ್ಲ. ಇವರು ಹೋದರು. 1844ರಲ್ಲಿ 'ಕ್ರೆಸೆಂಟ್' ಎಂಬ ಇಂಗ್ಲೀಷು ಪತ್ರಿಕೆಯನ್ನು ಹೊರಡಿಸಿದರು. ಅದರ ಜಾಹೀರಾತನ್ನು ಸಹ ಸರ್ಕಾರಿ ಗೆಜೆಟ್ಟಿನಲ್ಲಿ ಹಾಕಲು ಅಧಿಕಾರಿಗಳು ಒಪ್ಪಲಿಲ್ಲ. ಪತ್ರಿಕೆ ನಡೆಯಿತು. 1852ರಲ್ಲಿ ಮದರಾಸ್ ನೇಟಿವ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿದರು. ಮರುವರ್ಷ ಕಂಪನಿಯ ಸನ್ನದು ಪಾರ್ಲಿಮೆಂಟಿನ ಮುಂದೆ ಬರುವುದಿತ್ತು. ಸಮಯ ನೋಡಿ, ಅದೇ ವರ್ಷದ ಕೊನೆಗೆ ಲಂಡನ್ನಿಗೆ ಒಂದು ದೀರ್ಘ ಮನವಿಯನ್ನು ಕಳಿಸಿದರು. ಕಂದಾಯದ ಭಾರ, ಕೋರ್ಟುಗಳ ವಿಳಂಬ, ರಸ್ತೆ–ಶಾಲೆಗಳ ಕೊರತೆ ಎಲ್ಲವೂ ಅದರಲ್ಲಿತ್ತು.

ಮನವಿ ಮುಟ್ಟಿತು. ಅದನ್ನು ಓದಿದವರಲ್ಲಿ ಡ್ಯಾನ್‌ಬಿ ಸೀಮೋರ್ ಎಂಬ ಪಾರ್ಲಿಮೆಂಟ್ ಸದಸ್ಯರೊಬ್ಬರು. ಅವರು 1853ರಲ್ಲಿ ತಾವೇ ಹಡಗು ಹತ್ತಿ ಮದರಾಸಿಗೆ ಬಂದರು. ಚೆಟ್ಟಿಯವರು ಅವರನ್ನು ಜಿಲ್ಲೆಗಳಿಗೆ ಕರೆದುಕೊಂಡು ಹೋಗಿ ರೈತರ ಬಾಯಿಂದಲೇ ಕೇಳಿಸಿದರು. ಮರುವರ್ಷ ಜುಲೈಯಲ್ಲಿ ಕಾಮನ್ಸ್ ಸಭೆಯಲ್ಲಿ ಮದರಾಸಿನ ವಿಷಯ ಬಂದಾಗ ಈ ಮಾತು ಹೊರಬಿತ್ತು: ಕಂಪನಿಯ ರಾಜ್ಯದಲ್ಲಿ ಕಂದಾಯಕ್ಕಾಗಿ ರೈತರಿಗೆ ಚಿತ್ರಹಿಂಸೆ ಕೊಡುತ್ತಾರೆ. ಕಂಪನಿಯ ಪರವಾದವರು ನಂಬಲಿಲ್ಲ. ತಾವು ವರ್ಷಗಟ್ಟಲೆ ಅಲ್ಲಿದ್ದರೂ ಕಂಡಿಲ್ಲ, ಕೇಳಿಲ್ಲ ಎಂದರು. ಆದರೂ ವಿಚಾರಣೆ ಆಗದೆ ವಿಧಿಯಿರಲಿಲ್ಲ. 1854ರಲ್ಲಿ ಮದರಾಸ್ ಸರ್ಕಾರ ಮೂವರ ಒಂದು ಆಯೋಗವನ್ನು ನೇಮಿಸಿತು.

ಆ ಮೂವರಲ್ಲಿ ಒಬ್ಬರು ಇ. ಎಫ್. ಎಲಿಯಟ್, ಈ ಪಟ್ಟಣದ ಪೊಲೀಸ್ ಮ್ಯಾಜಿಸ್ಟ್ರೇಟರು. ಬೆಸೆಂಟ್ ನಗರದ ಎಲಿಯಟ್ಸ್ ಬೀಚಿಗೆ ಹೆಸರು ಬಂದದ್ದು ಇವರಿಂದಲೇ ಎಂದು ಹೇಳುತ್ತಾರೆ. ಇನ್ನೊಬ್ಬರು ಎಚ್. ಸ್ಟೋಕ್ಸ್. ಮೂರನೆಯವರು ಜೆ. ಬಿ. ನಾರ್ಟನ್ ಎಂಬ ಬ್ಯಾರಿಸ್ಟರು. ಇಲ್ಲಿ ಒಂದು ಮಾತು ನೆನಪಾಗುತ್ತದೆ. ಈ ನಾರ್ಟನ್ನರ ಮಗ ಎರ್ಡ್ಲಿ ನಾರ್ಟನ್, ಮೊದಲ ದಿನಗಳ ಕಾಂಗ್ರೆಸ್ಸಿನಲ್ಲಿ ಹೆಸರು ಮಾಡಿದ ಮದರಾಸಿನ ವಕೀಲರು. 1908ರಲ್ಲಿ ಕಲ್ಕತ್ತೆಯ ಅಲೀಪುರ ಬಾಂಬ್ ಮೊಕದ್ದಮೆಯಲ್ಲಿ ಅರವಿಂದರ ವಿರುದ್ಧ ಸರ್ಕಾರದ ಪರ ನಿಂತು ವಾದಿಸಿದವರೂ ಅವರೇ. ತಂದೆ ಹಿಂಸೆಯ ದೂರುಗಳನ್ನು ಬರೆದುಕೊಂಡರು. ಮಗ ಬಾಂಬಿನ ದೂರನ್ನು ಓದಿದರು. ಇದರಿಂದ ಏನು ತಿಳಿಯಬೇಕೋ ನನಗೆ ತಿಳಿಯದು, ಆದರೆ ಮರೆಯಲಾರೆ.

ಆಯೋಗದವರು ಜಿಲ್ಲೆಗಳಿಗೆಲ್ಲ ಪ್ರಕಟಣೆ ಕಳಿಸಿದರು: ದೂರುಳ್ಳವರು ಮದರಾಸಿಗೆ ಬಂದು ಹೇಳಬಹುದು, ಬರಲಾರದವರು ಬರೆದು ಕಳಿಸಬಹುದು. ಆಗ ಈ ದೇಶದ ದಕ್ಷಿಣದಲ್ಲಿ ರೈಲಿರಲಿಲ್ಲ. ರಾಯಪುರದಿಂದ ಮೊದಲ ಗಾಡಿ ಹೊರಟದ್ದು 1856ರ ಜುಲೈಯಲ್ಲಿ. ಬಂದವನು ಎತ್ತಿನ ಗಾಡಿಯಲ್ಲಿ ಬರಬೇಕು ಅಥವಾ ನಡೆದು ಬರಬೇಕು. ಬಂದು ಹೇಳಿದ ಮೇಲೆ ಅದೇ ಊರಿಗೆ, ಅದೇ ತಹಸೀಲ್ದಾರರ ಕೈಕೆಳಗೆ ಹಿಂದಿರುಗಬೇಕು. ಇಷ್ಟಾದರೂ 519 ಜನ ತಾವೇ ಬಂದು ನಿಂತರು. 1,440 ದೂರುಗಳು ಕಾಗದದಲ್ಲಿ ಬಂದವು. ಒಟ್ಟು 1,959. ಲೆಕ್ಕ ಬರೆದವನಾದ್ದರಿಂದ ಈ ಮೊತ್ತದ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಓದು ಬರಹ ಬಲ್ಲವರು ಬಹಳ ಕಡಿಮೆ ಇದ್ದ ಕಾಲ. ಆ 1,440 ಕಾಗದಗಳಲ್ಲಿ ಎಷ್ಟನ್ನು ಬರೆಸಿಕೊಳ್ಳಬೇಕಾಗಿತ್ತೋ! ಊರಿನಲ್ಲಿ ಬರೆಯಬಲ್ಲವನು ಯಾರು? ಶಾನುಭೋಗ. ಹೊಡೆಸಿದವನ ಎಡಗೈ ಬಲಗೈ ಎಲ್ಲ ಅವನೇ. ಅವನನ್ನು ತಪ್ಪಿಸಿ ಇನ್ನೊಬ್ಬ ಬರೆಯುವವನನ್ನು ಹುಡುಕಿ, ಕಾಗದಕ್ಕೂ ಶಾಯಿಗೂ ದುಡ್ಡು ಹೊಂದಿಸಿ, ಇವರು ತಮ್ಮ ಮಾತನ್ನು ಕಟ್ಟಿ ಕಳಿಸಿದರಲ್ಲ, ಅದನ್ನು ಸುಲಭದ ದಾರಿ ಎಂದು ಯಾರು ಹೇಳುವುದು? ಕತ್ತಲಲ್ಲಿ ನಿಂತು ಎರಡು ಬಿಗಿಯುವುದು ಅದಕ್ಕಿಂತ ಸುಲಭ. ನಮ್ಮ ಗಾದೆ "ಮಾತು ಬಲ್ಲವನಿಗೆ ಜಗಳವಿಲ್ಲ" ಎನ್ನುತ್ತದೆ. ಈ ಗಾದೆ ಇಲ್ಲಿ ನಿಲ್ಲುವುದಿಲ್ಲ. ಅವರಿಗೆ ಮಾತು ಬಂದದ್ದರಿಂದಲೇ ಜಗಳ ಮೊದಲಾಯಿತು.

ಆಗ ನಮ್ಮ ಕನ್ನಡ ಜಿಲ್ಲೆ, ಬಳ್ಳಾರಿ, ಕೊಳ್ಳೇಗಾಲ ಎಲ್ಲವೂ ಇದೇ ಮದರಾಸ್ ಪ್ರಾಂತ್ಯದಲ್ಲಿದ್ದವು. ಆಯೋಗದ ಬಾಗಿಲು ಅಲ್ಲಿಯವರಿಗೂ ಇದೇ. ಇದನ್ನು ನಾನು ಹುಡುಗನಿಗೆ ಹೇಳಿದಾಗ ಅವನಿಗೆ ಮೊದಲು ಆಶ್ಚರ್ಯವಾದದ್ದು ಬಳ್ಳಾರಿ ಮದರಾಸಿಗೆ ಸೇರಿತ್ತೆಂಬುದೇ. 1953ರವರೆಗೂ ಸೇರಿತ್ತಪ್ಪಾ ಎಂದೆ. "ಹಂಗಾದ್ರ ನಾನು ಹೊರಗಿನಾವಲ್ಲ" ಎಂದು ನಕ್ಕ.

ಆ ದೂರುಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ತಮಿಳುನಾಡಿನ ಕೊಳ್ಳಿಡಂ ನದಿಗೆ ಸೇತುವೆ ಕಟ್ಟುತ್ತಿದ್ದರು. ಅದಕ್ಕೆ ಹಲಗೆ, ಇದ್ದಿಲು, ಸೌದೆ ಇವನ್ನೆಲ್ಲ ಬಿಟ್ಟಿಯಾಗಿ ಕೊಡಬೇಕೆಂದು ತಹಸೀಲ್ದಾರರ ಅಪ್ಪಣೆ. ಒಬ್ಬ ಬ್ರಾಹ್ಮಣ ಒಪ್ಪದೆ ಹೋದದ್ದಕ್ಕೆ ಹನ್ನೆರಡು ಜನ ಹಿಡಿದು ಹಿಂಸಿಸಿದರು. ಆತ ಸಬ್ ಕಲೆಕ್ಟರರಿಗೆ ಅರ್ಜಿ ಕೊಟ್ಟ. ಆ ದೊರೆ ವಿಚಾರಿಸಲಿಲ್ಲ, ಅರ್ಜಿಯನ್ನು ಹರಿದು ಹಾಕಿದರು. ಹುಡುಗ ಹೇಳಿದ ಹಾಗೆಯೇ! ಆತ ಏನು ಮಾಡಿದ? ಆಯೋಗಕ್ಕೆ ಇನ್ನೊಂದು ಅರ್ಜಿ ಬರೆದ. ಅದರಲ್ಲಿ ಹಿಂಸೆಯ ಸಂಗತಿಯೊಡನೆ ಅರ್ಜಿ ಹರಿದದ್ದನ್ನೂ ಬರೆದ. ದೊರೆಗಳ ಹೆಸರನ್ನೂ ಬರೆದ. ಬಡವರ ಖರ್ಚಿನಲ್ಲಿ ಅಗ್ಗವಾಗಿ ಸೇತುವೆ ಮುಗಿಸಿ ಸರ್ಕಾರದಲ್ಲಿ ಒಳ್ಳೆಯ ಹೆಸರು ಗಳಿಸುವ ಆಸೆಯಿಂದ ಅವರು ಹೀಗೆ ಮಾಡುತ್ತಾರೆ ಎಂದು ಕಾರಣವನ್ನೂ ಬರೆದ. ಆ ಕಾಗದ ವರದಿಯೊಳಗೆ ಸೇರಿತು, ಲಂಡನ್ನಿಗೆ ಹೋಯಿತು, ಅಚ್ಚಾಯಿತು. 1857ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಸಿಪಾಯಿಗಳ ದಂಗೆಯೆದ್ದು, ಇಂಗ್ಲೆಂಡಿನ ಪತ್ರಿಕೆಗಳೆಲ್ಲ ಹಿಂದೂಗಳ ಕ್ರೌರ್ಯವನ್ನೇ ಬರೆಯುತ್ತಿದ್ದಾಗ, ಲಂಡನ್ನಿನಲ್ಲಿ ಕುಳಿತಿದ್ದ ಕಾರ್ಲ್ ಮಾರ್ಕ್ಸ್ ಈ ಮದರಾಸಿನ ವರದಿಯನ್ನು ತೆಗೆದು, ಈ ಬ್ರಾಹ್ಮಣನ ಅರ್ಜಿಯನ್ನೂ ಸೇರಿಸಿ, ನ್ಯೂಯಾರ್ಕಿನ 'ಡೈಲಿ ಟ್ರಿಬ್ಯೂನ್' ಪತ್ರಿಕೆಗೆ ಲೇಖನ ಬರೆದರು. ಹರಿದು ಹಾಕಿದ ಅರ್ಜಿ ಅಮೆರಿಕದವರೆಗೆ ಹೋಯಿತು.

ಈ ಕಡೆ ಏನಾಯಿತು ಎಂಬುದನ್ನೂ ಮುಚ್ಚಿಡದೆ ಹೇಳಬೇಕು. 1855ರ ವರದಿ ಹಿಂಸೆ ಇದೆ ಎಂದು ಒಪ್ಪಿತು. ಜನ ಏಕೆ ದೂರು ಕೊಡುವುದಿಲ್ಲ ಎಂಬುದಕ್ಕೆ ಕಾರಣಗಳನ್ನೂ ಬಿಡಿಸಿ ಹೇಳಿತು: ಕಚೇರಿ ದೂರ, ಕೈಯಲ್ಲಿ ಕಾಸಿಲ್ಲ, ಕಲೆಕ್ಟರರಿಗೆ ಕೊಟ್ಟ ಅರ್ಜಿ ಷರಾ ಬರೆಸಿಕೊಂಡು ಮತ್ತೆ ತಹಸೀಲ್ದಾರರ ಮೇಜಿಗೇ ಬರುತ್ತದೆ ಎಂಬ ಭಯ. ಇದನ್ನು ಓದಿದಾಗ ನಾನು ನಮ್ಮ ಕಾಲದ ಕಚೇರಿಗಳನ್ನು ನೆನೆದು ನಕ್ಕೆ, ನಗುವಂಥದ್ದಲ್ಲದಿದ್ದರೂ. ಆದರೆ ತಪ್ಪನ್ನೆಲ್ಲ ವರದಿ ದೇಶೀಯ ನೌಕರರ ತಲೆಗೆ ಕಟ್ಟಿತು. ಬಿಳಿಯ ಅಧಿಕಾರಿಗಳು ಇದನ್ನು ಒಪ್ಪುವವರಲ್ಲ, ಜನರೂ ಹಾಗೆಯೇ ನಂಬಿದ್ದಾರೆ ಎಂದಿತು. ಕೆಳಗಿನವನು ಕಿಟ್ಟಿ ಹಿಡಿದದ್ದು ನಿಜ. ಆದರೆ ಇಷ್ಟು ದಿನದೊಳಗೆ ಇಷ್ಟು ಹಣ ಖಜಾನೆಗೆ ಬರಬೇಕು ಎಂದು ಬರೆದ ಕೈ ಯಾವುದು? ಆ ಕೈಯನ್ನು ವರದಿ ನೋಡಲಿಲ್ಲ.

ಆದರೂ ಅದು ಕಪಾಟಿನಲ್ಲಿ ಮಲಗಲಿಲ್ಲ. 1859ರ ಮದರಾಸ್ ಜಿಲ್ಲಾ ಪೊಲೀಸ್ ಕಾಯಿದೆಯಿಂದ ಪೊಲೀಸು ಬೇರೆ, ಕಂದಾಯ ಬೇರೆ ಆಯಿತು. ಮನ್ರೋ ಸಾಹೇಬರ ಏರ್ಪಾಡು ಮುರಿಯಿತು. 1861ರ ದಂಡ ಪ್ರಕ್ರಿಯಾ ಕಾಯಿದೆಯಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ತೆಗೆದುಕೊಳ್ಳಬಾರದು ಎಂಬ ನಿಯಮ ಬಂತು. ಇಂಥ ಹಿಂಸೆಯ ಸುದ್ದಿಗಳೇ ಅದರ ಹಿನ್ನೆಲೆ. 1872ರ ಸಾಕ್ಷ್ಯ ಕಾಯಿದೆಯಲ್ಲಿ ಅದು 25ನೆಯ ಕಲಮು. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಕಾಯಿದೆಯಲ್ಲಿ ಅದೇ ಮಾತು 23ನೆಯ ಕಲಮಾಗಿ ನಿಂತಿದೆ. ಅರ್ಜಿ ಬರೆಸಿದ ರೈತ ಸತ್ತು ಎಷ್ಟು ಕಾಲವಾಯಿತು! ಇಂದು ಠಾಣೆಗೆ ಹೋದ ಯಾವುದೋ ಹುಡುಗನ ಬೆನ್ನಿಗೆ ಅವನು ಇನ್ನೂ ನಿಂತಿದ್ದಾನೆ.

ಪೂರ್ತಿ ಕಾಯುತ್ತಾನೆಯೇ? ಇಲ್ಲ. 2020ರ ಜೂನಿನಲ್ಲಿ ತೂತ್ತುಕುಡಿ ಜಿಲ್ಲೆಯ ಸಾತ್ತಾನ್‌ಕುಳಂ ಠಾಣೆಗೆ ಪೊಲೀಸರು ಕರೆದೊಯ್ದ ತಂದೆ–ಮಗ ಇಬ್ಬರೂ ಸತ್ತದ್ದನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದೆವು. ಆಗ ಜನ ಎಷ್ಟು ಕುದಿದರೆಂಬುದು ನೆನಪಿದೆ. ಆದರೆ ಆ ರಾತ್ರಿ ಒಳಗೆ ನಡೆದದ್ದು ಹೊರಬರಲು ಕಾರಣವಾದದ್ದು, ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಮ್ಯಾಜಿಸ್ಟ್ರೇಟರ ಮುಂದೆ ಕಂಡದ್ದನ್ನು ಕಂಡಂತೆ ಹೇಳಿದ್ದು. ಸಹೋದ್ಯೋಗಿಗಳು ಹೊರಗೆ ನಿಂತಿರುವಾಗ ಹೇಳಿದ ಮಾತು ಅದು. ನಮ್ಮ ದೇಶ ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ 1997ರಲ್ಲಿ ರುಜು ಹಾಕಿತು. ಅದಕ್ಕೆ ತಕ್ಕ ಮಸೂದೆ 2010ರಲ್ಲಿ ಲೋಕಸಭೆಯನ್ನು ದಾಟಿ, ಮುಂದೆ ಹೋಗದೆ ಬಿದ್ದುಹೋಯಿತು. ಅರ್ಜಿ ಬರೆಯುವ ಕೆಲಸ ಮುಗಿದಿಲ್ಲ ಎಂದಾಯಿತು.

ನಾವು ಈ ಊರಿನ ಕನ್ನಡಿಗರು ಇದನ್ನು ಇನ್ನೊಂದು ಕಾರಣಕ್ಕಾಗಿಯೂ ಯೋಚಿಸಬೇಕು. ಕಾವೇರಿಯ ಹೆಸರಿನಲ್ಲಿ 1991ರಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ಏನು ನಡೆಯಿತೆಂದು ನಮಗೆ ಗೊತ್ತು. 2016ರ ಸೆಪ್ಟೆಂಬರ್ 12ರಂದು ಅಲ್ಲಿ ಬಸ್ಸುಗಳು ಉರಿದವು; ಇಲ್ಲಿ ಮೈಲಾಪುರದಲ್ಲಿ ಒಂದು ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬು ಬಿತ್ತು. ಆ ವಾರ ನಮ್ಮ ಬೀದಿಯಲ್ಲಿ ನಾನು ನನ್ನ ಹೆಂಡತಿಯೊಡನೆ ಕನ್ನಡದಲ್ಲಿ ಮಾತನಾಡುವಾಗ ದನಿ ತಗ್ಗಿಸಿದ್ದೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಎದುರುಮನೆಯ ತಮಿಳು ಮಾಮಿ ಅದನ್ನು ಗಮನಿಸಿ, ಸಂಜೆ ಬಂದು ನಮ್ಮ ಜಗಲಿಯ ಮೇಲೆ ಬೇಕೆಂದೇ ಒಂದು ಗಂಟೆ ಕುಳಿತು, ಬೀದಿಗೆಲ್ಲ ಕೇಳುವಂತೆ ಹರಟೆ ಹೊಡೆದು ಹೋದರು. 2003ರಲ್ಲಿ ಎರಡೂ ರಾಜ್ಯದ ರೈತರನ್ನು ಇದೇ ಪಟ್ಟಣಕ್ಕೆ ಕರೆಸಿ ಎದುರುಬದುರು ಕೂರಿಸಿದವರೂ ಉಂಟು: ಮದರಾಸ್ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸಿನ ಪ್ರೊಫೆಸರ್ ಜನಕರಾಜನ್ ಅವರ ಪ್ರಯತ್ನದಿಂದ 'ಕಾವೇರಿ ಕುಟುಂಬ' ಎಂಬ ಕೂಟ ಹುಟ್ಟಿತು. ನೀರಿನ ಪಾಲು ಅದರಿಂದ ತೀರಲಿಲ್ಲ; ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಡಬೇಕಾಯಿತು. ಆದರೆ ಮಂಡ್ಯದ ರೈತನೂ ತಂಜಾವೂರಿನ ರೈತನೂ ಒಬ್ಬರ ಹೊಲವನ್ನು ಇನ್ನೊಬ್ಬರು ಹೋಗಿ ನೋಡಿದರು.

ಈಗ ಹುಡುಗನ ಅರ್ಜಿಗೆ ಬರುತ್ತೇನೆ. ಅದನ್ನು ಬರೆದವನು ನಾನು. ಕಚೇರಿಯ ಅಭ್ಯಾಸ, ದಿನಾಂಕ, ಕೆಲಸಕ್ಕೆ ಸೇರಿದ ದಿನ, ತಿಂಗಳ ಸಂಬಳ, ಬಾಕಿ ಮೊತ್ತ ಎಲ್ಲ ಅಚ್ಚುಕಟ್ಟಾಗಿ ಬರೆದು ಓದಿ ಹೇಳಿದೆ. ಕೆನ್ನೆಗೆ ಹೊಡೆದ ಸಂಗತಿಯನ್ನು ಬಿಟ್ಟಿದ್ದೆ. ಅದು ಸಂಬಳದ ಅರ್ಜಿಗೆ ಸಂಬಂಧಿಸಿದ್ದಲ್ಲ, ಅದನ್ನು ಬರೆದರೆ ರಾಜಿ ಕಷ್ಟವಾಗುತ್ತದೆ ಎಂದು ನನ್ನ ವಿಚಾರ. ಯಜಮಾನರು ನಮ್ಮವರು ಎಂಬ ವಿಚಾರವೂ ಒಂದು ಮೂಲೆಯಲ್ಲಿ ಇದ್ದಿರಬೇಕು. ಇಲ್ಲ ಎಂದರೆ ಸುಳ್ಳಾದೀತು. ಹುಡುಗ ಕೇಳಿ ಮುಗಿಸಿ, "ಹೊಡದದ್ದು ಎಲ್ಲೈತಿ ತಾತಾ?" ಎಂದ. ನಾನು ಕಾರಣ ಹೇಳಿದೆ. ಅವನು, "ನಾನು ತಿರುಗಿ ಹೊಡೀಬಾರದು ಅಂದ್ರಿ, ಆಯ್ತು. ಬರಿಯೋದೂ ಬ್ಯಾಡ ಅಂದ್ರ ನನ್ನ ಹತ್ರ ಏನು ಉಳೀತು?" ಎಂದ.

ನನಗೆ ಉತ್ತರ ತೋಚಲಿಲ್ಲ. ಬೇರೆ ಹಾಳೆ ತೆಗೆದು ಮತ್ತೆ ಬರೆದೆ. ಎಷ್ಟನೆಯ ತಾರೀಖು, ಎಷ್ಟು ಗಂಟೆ, ಯಾವ ಕೈ, ಯಾರು ಯಾರು ನಿಂತಿದ್ದರು, ಎಲ್ಲವನ್ನೂ ಅವನು ಹೇಳಿದ ಹಾಗೆ ಬರೆದೆ. ಮೂರು ಪ್ರತಿ ಮಾಡಿದೆವು. ಕಚೇರಿಯಲ್ಲಿ ಕೊಟ್ಟು ಮೊಹರು ಹಾಕಿಸಿ ರಸೀದಿ ತೆಗೆದುಕೊಂಡೆವು.

ಮೊದಲ ವಿಚಾರಣೆಗೆ ಯಜಮಾನರು ಬರಲಿಲ್ಲ. ಎರಡನೆಯದಕ್ಕೆ ಬಂದರು, ಎರಡು ತಿಂಗಳ ಸಂಬಳವನ್ನು ಅಲ್ಲೇ ಎಣಿಸಿಕೊಟ್ಟರು. ಉಳಿದೆರಡು ತಿಂಗಳಿಗೆ ವಾಯಿದೆ ಕೇಳಿದರು. ಹೊಡೆದ ವಿಷಯವನ್ನು ಅಧಿಕಾರಿಗಳು ಓದಿ, ತಲೆಯೆತ್ತಿ, "ಇದು ನಿಜವೇ?" ಎಂದು ಕೇಳಿದರು. ಯಜಮಾನರು ಮಾತನಾಡಲಿಲ್ಲ. ಅಧಿಕಾರಿಗಳು ಆ ಮೌನವನ್ನೂ ಬರೆದುಕೊಂಡರೋ ಇಲ್ಲವೋ ನಾನು ಕೂತ ಕಡೆಯಿಂದ ಕಾಣಲಿಲ್ಲ. ಹುಡುಗ ಬೇರೆ ಕಡೆ ಕೆಲಸಕ್ಕೆ ಸೇರಿದ್ದಾನೆ. ಅವನ ಗೆಳೆಯರಲ್ಲಿ ಒಬ್ಬ ಮೊನ್ನೆ ಬಂದು ತನ್ನದೂ ಒಂದು ಅರ್ಜಿ ಬರೆಯಬೇಕಿದೆ ಎಂದಿದ್ದಾನೆ. ಅದು ಮನೆ ಮುಂಗಡದ ಜಗಳ. ಭಾನುವಾರ ಮಧ್ಯಾಹ್ನ ಕಿಟಕಿಯ ಪಕ್ಕದ ಮೇಜನ್ನು ಇದಕ್ಕೆಂದು ಬಿಟ್ಟುಕೊಡಲು ಕಾರ್ಯದರ್ಶಿಗಳು ಒಪ್ಪಿದ್ದಾರೆ. ತಮಿಳು ಚೆನ್ನಾಗಿ ಬರೆಯಬಲ್ಲವರು ಯಾರಾದರೂ ನನ್ನ ಜೊತೆ ಕುಳಿತರೆ ಉಪಕಾರವಾಗುತ್ತದೆ. ನನ್ನ ತಮಿಳು ಮಾತಿಗೆ ಸಾಕು, ಕಾಗದಕ್ಕೆ ಸಾಲದು.

ಉಳಿದ ಬಾಕಿಯ ವಿಚಾರಣೆ ಬರುವ ತಿಂಗಳು ಇದೆ. ಹುಡುಗ ತನ್ನ ಅರ್ಜಿಯ ಮೂರನೆಯ ಪ್ರತಿಯನ್ನು ನಮ್ಮ ವಾಚನಾಲಯದಲ್ಲಿಯೇ ಇಡಬೇಕೆಂದು ಕೇಳಿಕೊಂಡಿದ್ದಾನೆ. ಕೋಣೆಯಲ್ಲಿ ಆರು ಜನ ಇರುವುದರಿಂದ ಅಲ್ಲಿ ಕಾಗದ ಉಳಿಯುವುದಿಲ್ಲವಂತೆ. ಅದನ್ನು ತಂದು ಕೊಟ್ಟೂ ಇದ್ದಾನೆ. ನಮ್ಮ ಗ್ರಂಥಪಾಲಕರು ಯಾವ ಕಪಾಟಿನಲ್ಲಿ ಇಡಲಿ, ಯಾವ ವಿಭಾಗದಲ್ಲಿ ಬರೆದುಕೊಳ್ಳಲಿ ಎಂದು ಎರಡು ವಾರದಿಂದ ನನ್ನನ್ನು ಕೇಳುತ್ತಿದ್ದಾರೆ. ಸಭೆ ಮುಗಿದ ಮೇಲೆ ಕಾಫಿ ಕುಡಿಯುವಾಗ ನಿಮ್ಮ ಅಭಿಪ್ರಾಯವನ್ನು ಅವರಿಗೆ ಹೇಳಿದರೆ ನನಗೂ ಬಿಡುಗಡೆಯಾಗುತ್ತದೆ.